ವಹಿ ಅದಲು ಬದಲು ಮಾಡಿಸಿದೆ, ಒಬ್ಬರು ಕ್ಲಾಸಿಗೆ ಬರೋದನ್ನೇ ಬಿಟ್ಟರು

ಸಂಜೆ ಕ್ಲಾಸಿನ ಅಕ್ಕೋರು

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆ ಮಹಡಿ ಮೇಲೆ ವಾರಕ್ಕೆ ಮೂರು ಸಂಜೆ ಕನ್ನಡ ಕ್ಲಾಸ್ ನಡೆಸುತ್ತೇನೆ. ಫೀ ಇಲ್ಲ. ಬರುವವರು 14 ಜನ, ಎಲ್ಲರೂ ದೊಡ್ಡವರು, ಯಾರ ಮನೆಮಾತೂ ಕನ್ನಡ ಅಲ್ಲ. ಏಳು ಜನ ಮರಾಠಿಯವರು, ನಾಲ್ಕು ಜನ ಉರ್ದುವಿನವರು, ಒಬ್ಬರದು ಕೊಂಕಣಿ, ಒಬ್ಬರು ಕೇರಳದ ನರ್ಸ್, ಒಬ್ಬರು ಬಿಹಾರದಿಂದ ವರ್ಗವಾಗಿ ಬಂದ ಬ್ಯಾಂಕಿನವರು. ಮಾತಿಗೆ ಯಾರೂ ಕಡಿಮೆ ಇಲ್ಲ. ರವಿವಾರ ಪೇಟೆಯಲ್ಲಿ ನಿಂತರೆ ನನಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾರೆ. ಆದರೆ ಪೆನ್ನು ಹಿಡಿಯಿರಿ ಅಂದ ಕೂಡಲೇ ಒಬ್ಬರಿಗೆ ಫೋನ್ ಬರುತ್ತದೆ, ಇನ್ನೊಬ್ಬರಿಗೆ ನೀರು ಬೇಕಾಗುತ್ತದೆ.

14 ವಹಿ ನಾನೊಬ್ಬಳೇ ತಿದ್ದಿ ತಿದ್ದಿ ಸಾಕಾಗಿತ್ತು. ತಿದ್ದಿದ್ದನ್ನು ಅವರು ನೋಡುತ್ತಲೂ ಇರಲಿಲ್ಲ, ಕೆಳಗೆ ನನ್ನ ಸಹಿ ಇದೆಯಾ ಅಂತ ನೋಡಿ ಪುಟ ತಿರುವುತ್ತಿದ್ದರು. ಅದಕ್ಕೆ ಒಂದು ದಿನ ವಹಿ ಅದಲು ಬದಲು ಮಾಡಿಸಿದೆ. ಒಬ್ಬರದು ಇನ್ನೊಬ್ಬರು ಓದಿ, ತಪ್ಪು ಕಂಡರೆ ಗುರುತು ಹಾಕಿ ಅಂದೆ. ಬೇರೇನೂ ಹೇಳಲಿಲ್ಲ.

ನಮ್ಮಲ್ಲಿ ಒಬ್ಬ ಟೇಲರ್ ಅಕ್ಕ ಇದ್ದಾರೆ. ಮನೆಯಲ್ಲಿ ಉರ್ದು. ಬ್ಲೌಸಿನ ಅಳತೆ ಬರೆಯುವ ವಹಿಯ ಹಿಂದಿನ ಪುಟಗಳಲ್ಲೇ ಕನ್ನಡ ಬರೆಯುತ್ತಾರೆ. ಆ ದಿನ 'ನನ್ನ ಮನೆಯ ಒಂದು ವಸ್ತು' ಅಂತ ವಿಷಯ ಕೊಟ್ಟಿದ್ದೆ. ಅವರು ಬರೆದದ್ದನ್ನು ಇದ್ದ ಹಾಗೇ ಹಾಕುತ್ತಿದ್ದೇನೆ, ಫೋನ್ ಮಾಡಿ ಅವರನ್ನು ಕೇಳಿಯೇ ಹಾಕಿದ್ದು:

"ನನ್ನ ಮಶೀನ್ ಹಳೆದು. ಅಮ್ಮಿ ಕೋಟ್ಟಿದ್ದು. ಮಳೆಗಾಲ ಬಂದರೆ ಮಶೀನ್ ಅಳತಾಳೆ. ಎಣ್ಣೆ ಹಾಕಿದರೆ ಸುಮನೆ ಇರತಾಳೆ. ನಾನು ಅವಳ ಮಾತು ಕೆಳತೇನಿ."

ಇದು ಬ್ಯಾಂಕಿನ ಅಣ್ಣನ ಕೈಗೆ ಹೋಯಿತು. ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದು 11 ಕಡೆ ಸುತ್ತು ಹಾಕಿದರು. ಐದು ಸಾಲಿಗೆ 11. ಕೊನೆಗೆ "ಮಶೀನ್ ಹೆಂಗಸು ಅಲ್ಲ" ಅಂತ ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ತಮಾಷೆ ಏನಂದರೆ ಹಿಂದಿ, ಉರ್ದು ಎರಡರಲ್ಲೂ ಮಶೀನ್ ಸ್ತ್ರೀಲಿಂಗ. ಹಿಂದಿನ ವಾರ ಇದೇ ಅಣ್ಣ "ಬಸ್ ಲೇಟಾಗಿ ಬಂದಳು" ಅಂತ ಬರೆದು ಇಡೀ ಕ್ಲಾಸಿನ ಎದುರು ನಗೆಪಾಟಲಾಗಿದ್ದರು. ಹೊಸದಾಗಿ ಕಲಿತ ನಿಯಮ, ಕೈ ಸುಮ್ಮನಿರಲಿಲ್ಲ.

ಟೇಲರ್ ಅಕ್ಕ ವಹಿ ನೋಡಿದರು, ಮುಚ್ಚಿದರು, ಚಹಾ ಕುಡಿದು ಹೋದರು. ಎರಡು ವಾರ ಆಯಿತು, ಬಂದಿಲ್ಲ. ಕೇಳಿದರೆ "ಈದ್ ಹತ್ತಿರ ಬಂತಲ್ರೀ ಅಕ್ಕೋರ, ಹೊಲಿಗಿ ಜಾಸ್ತಿ" ಅನ್ನುತ್ತಾರೆ. ಹೊಲಿಗೆ ಜಾಸ್ತಿ ಇರುವುದು ನಿಜವೇ. ಆದರೂ ಅದೊಂದೇ ಕಾರಣ ಅಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಈ ಅದಲು ಬದಲು ನಿಲ್ಲಿಸಲಾ? ನೀವೆಲ್ಲ ಏನು ಮಾಡುತ್ತೀರಿ?

ಕುಂದಾ ಪ್ರಿಯ

ಅಕ್ಕೋರೆ, ಸಿಟ್ಟಾಗಬೇಡಿ, ನೇರವಾಗಿ ಹೇಳುತ್ತೇನೆ. ಈಜು ಬಾರದ ಇಬ್ಬರನ್ನು ಕೈ ಕೈ ಹಿಡಿಸಿ ಹೊಳೆಗೆ ಇಳಿಸಿದ ಹಾಗಾಯಿತು ಇದು. ಕನ್ನಡ ಬಾರದವರು ಕನ್ನಡ ಬಾರದವರದ್ದನ್ನು ಏನು ತಿದ್ದುತ್ತಾರೆ? ತಿದ್ದೋದು ನಿಮ್ಮ ಕೆಲಸ. ನಮ್ಮ ಮಾಸ್ತರರು ಐವತ್ತು ವಹಿ ತಿದ್ದುತ್ತಿದ್ದರು, ನಾವೇನು ಸಾಲಿ ಬಿಟ್ಟೆವಾ?

ಗುಮ್ಮಟದ ನೆರಳು

ಕುಂದಾ ಸರ್, ಬಿಟ್ಟವರು ಇಲ್ಲಿ ಬರೆಯೋಕೆ ಬರೋದಿಲ್ಲ, ಅವರ ಲೆಕ್ಕ ನಮಗೆ ಸಿಗೋದಿಲ್ಲ. ತಮಾಷೆಗೆ ಅಂದೆ.

ನಾನು ವಿಜಯಪುರದಲ್ಲಿ ಬಿ.ಎಡ್. ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ಜಗಳ ಹಳೆಯದು. 1996ರಲ್ಲಿ ಟ್ರಸ್ಕಾಟ್ ಅನ್ನುವವರು, ಎರಡನೇ ಭಾಷೆಯ ಬರವಣಿಗೆಯಲ್ಲಿ ವ್ಯಾಕರಣ ತಿದ್ದುವುದರಿಂದ ಲಾಭ ಇಲ್ಲ, ಕೆಡುಕೇ ಜಾಸ್ತಿ, ಸುಮ್ನೆ ಬಿಟ್ಟುಬಿಡಿ ಅಂತ ಬರೆದರು. ದೊಡ್ಡ ಗದ್ದಲ ಆಯಿತು. 1999ರಲ್ಲಿ ಫೆರಿಸ್ ಅನ್ನುವವರು ಉತ್ತರ ಕೊಟ್ಟರು. ಅಷ್ಟು ಬೇಗ ಬಾಗಿಲು ಮುಚ್ಚಬೇಡಿ, ಆರಿಸಿಕೊಂಡು ಸ್ಪಷ್ಟವಾಗಿ ತಿದ್ದಿದರೆ ಉಪಯೋಗ ಇದೆ ಅಂತ. ಆಮೇಲೆ 2008ರಲ್ಲಿ ಬಿಚೆನರ್ ಅವರದೊಂದು ಅಧ್ಯಯನ ಬಂತು. ಇಂಗ್ಲಿಷಿನ 'ಎ' ಮತ್ತು 'ದಿ' ಬಳಕೆಯನ್ನು ಮಾತ್ರ ತಿದ್ದಿದರು, ಉಳಿದ ತಪ್ಪಿಗೆ ಕೈ ಹಚ್ಚಲಿಲ್ಲ. ಎರಡು ತಿಂಗಳ ನಂತರ ನೋಡಿದಾಗಲೂ ಆ ಒಂದು ವಿಷಯ ಕಲಿತವರಲ್ಲಿ ಉಳಿದಿತ್ತು. ಅಂದರೆ 11 ಸುತ್ತು ಯಾರು ಹಾಕಿದರೂ ದಂಡವೇ, ನೀವು ಹಾಕಿದ್ದರೂ ಅಷ್ಟೇ.

ಆದರೆ ನಿಮ್ಮ ಪ್ರಶ್ನೆಗೆ ಹತ್ತಿರದ್ದು ಇನ್ನೊಂದು. 2009ರಲ್ಲಿ ಲುಂಡ್‌ಸ್ಟ್ರಾಮ್, ಬೇಕರ್ ಅನ್ನುವ ಇಬ್ಬರು ಅಮೆರಿಕದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ 91 ಜನರನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರು ಬೇರೆಯವರ ಬರಹ ಓದಿ ಸಲಹೆ ಕೊಡಬೇಕು, ಅಷ್ಟೇ. ಇನ್ನೊಂದು ಪಾಲಿನವರು ಬಂದ ಸಲಹೆ ನೋಡಿ ಬರಹ ತಿದ್ದುವುದನ್ನು ಕಲಿಯಬೇಕು. ಕೊನೆಗೆ ಯಾರ ಸ್ವಂತ ಬರವಣಿಗೆ ಜಾಸ್ತಿ ಸುಧಾರಿಸಿತು ಹೇಳಿ? ಸಲಹೆ ಕೊಟ್ಟವರದ್ದು. ಅದರಲ್ಲೂ ಆಗಷ್ಟೇ ಕಲಿಯೋಕೆ ಶುರು ಮಾಡಿದವರಲ್ಲಿ ಅದು ಇನ್ನೂ ಚೆನ್ನಾಗಿ ಕಂಡಿತು.

ನಿಮ್ಮ ಕ್ಲಾಸಿಗೆ ಹೊಂದಿಸಿ ನೋಡಿ. ಆ ದಿನ ಲಾಭ ಆಗಿದ್ದು ಬ್ಯಾಂಕಿನ ಅಣ್ಣನಿಗೆ. ನೀವು ತಪ್ಪು ಮಾಡಿದ್ದು ಅದಲು ಬದಲು ಮಾಡಿಸಿದ್ದರಲ್ಲಿ ಅಲ್ಲ, ಏನು ನೋಡಬೇಕು ಅಂತ ಹೇಳದೆ ಪೆನ್ನು ಕೊಟ್ಟದ್ದರಲ್ಲಿ.

ಖಾನಾಪುರದ ಪೋರಿ

ನಾನು ಕಲಿಯುವವಳ ಕಡೆಯಿಂದ ಹೇಳುತ್ತೇನೆ. ಮನೆಯಲ್ಲಿ ಮರಾಠಿ, ಓದಿದ್ದು ಮರಾಠಿ ಶಾಲೆ, ಈಗ ಒಂದು ಕಚೇರಿಯಲ್ಲಿ ಕೆಲಸ. ಯಾವುದು ಅಂತ ಕೇಳಬೇಡಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ರಜೆ ಅರ್ಜಿ ಬರೆದೆ. "ಎರಡು ದಿನ ರಜೆ ಕೋಡಬೇಕಾಗಿ ವಿನಂತಿ." ಮರಾಠಿಯಲ್ಲಿ ಎ, ಏ ಅಂತ ಬೇರೆ ಬೇರೆ ಇಲ್ಲ, ಒ, ಓ ಅಂತಲೂ ಇಲ್ಲ, ಒಂದೇ ಅಕ್ಷರ. ನನ್ನ ಕಿವಿಗೆ ಕೊಡು, ಕೋಡು ಎರಡೂ ಒಂದೇ ಥರ ಕೇಳುತ್ತಿದ್ದವು. ಅರ್ಜಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬರು "ಬಾಯಾರಿಗೆ ಎರಡು ದಿನ ಕೋಡು ಬೇಕಂತೆ" ಅಂದು ತಲೆ ಮೇಲೆ ಎರಡು ಬೆರಳು ಇಟ್ಟು ತೋರಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಡಬ್ಬಿಯಲ್ಲಿದ್ದ ಪೋಹೆ ಹಾಗೇ ವಾಪಸ್ ಮನೆಗೆ ತಂದೆ.

ಆರು ವರ್ಷ ಆಯಿತು. ಇವತ್ತಿಗೂ ಹಳೆ ಅರ್ಜಿಗಳ ಫೋಟೋ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ, ತಾರೀಖು ಬದಲಿಸಿ ನೋಡಿ ಬರೆಯುತ್ತೇನೆ. ಸ್ವಂತ ಒಂದು ಸಾಲು ಬರೆಯೋದಿಲ್ಲ. ನನ್ನಂಥವಳೇ ಇನ್ನೊಬ್ಬಳು, ಬೆಳೆಗೂ ಬೇಳೆಗೂ ವ್ಯತ್ಯಾಸ ಗೊತ್ತಾಗದವಳು, ಪಕ್ಕದಲ್ಲಿ ಕೂತು ಓದಿದರೆ ತೋರಿಸುತ್ತಿದ್ದೆ. ಚೆನ್ನಾಗಿ ಬರುವವರಿಗೆ ತೋರಿಸೋದೇ ಕಷ್ಟ. ನಿಜ ಹೇಳಬೇಕು ಅಂದರೆ, ಅವಳು ಹೇಳಿದ್ದನ್ನು ನಂಬುತ್ತಿದ್ದೆನಾ ಅಂದರೆ ಅದೂ ಅನುಮಾನ. ಮನೆಗೆ ಹೋಗಿ ಮತ್ತೆ ಯಾರಿಗಾದರೂ ಕೇಳುತ್ತಿದ್ದೆ.

ಗುಮ್ಮಟದ ನೆರಳು

ಖಾನಾಪುರದ ಅಕ್ಕ, ನಿಮ್ಮ ಅನುಮಾನ ಎಲ್ಲಾ ಕಡೆ ಇದೆ. 1995ರಲ್ಲಿ ಜಾಂಗ್ ಅನ್ನುವವರು ಕಲಿಯುವವರನ್ನೇ ಕೇಳಿದರು, ಮೇಷ್ಟ್ರು ತಿದ್ದಬೇಕಾ, ಜೊತೆಯವರು ತಿದ್ದಬೇಕಾ ಅಂತ. ಹೆಚ್ಚುಕಡಿಮೆ ಎಲ್ಲರೂ ಮೇಷ್ಟ್ರೇ ಅಂದರು. ಆದರೆ ಅದು ಅಥವಾ ಇದು ಅಂತ ಕೇಳಿದ್ದೇ ಸರಿ ಇಲ್ಲ ಅಂತ 1998ರಲ್ಲಿ ಇನ್ನು ಕೆಲವರು ಹಾಂಗ್‌ಕಾಂಗ್, ತೈವಾನಿನ 121 ವಿದ್ಯಾರ್ಥಿಗಳನ್ನು ಬೇರೆ ಥರ ಕೇಳಿದರು. ಮೇಷ್ಟ್ರ ಜೊತೆಗೆ ಗೆಳೆಯರ ಅಭಿಪ್ರಾಯವೂ ಇರಲಾ ಅಂತ. 93% ಜನ ಇರಲಿ ಅಂದರು. ಹೋಳಿಗೆ ಬೇಕಾ, ತುಪ್ಪ ಬೇಕಾ ಅಂತ ಕೇಳೋದಕ್ಕೂ ಹೋಳಿಗೆ ಮೇಲೆ ತುಪ್ಪ ಹಾಕಲಾ ಅಂತ ಕೇಳೋದಕ್ಕೂ ಇರುವ ವ್ಯತ್ಯಾಸ.

ಆ ಬೆರಳಿನ ಕೋಡಿನವರ ಬಗ್ಗೆ ಬರೆಯೋಕೆ ಹೋದರೆ ನನ್ನ ಭಾಷೆ ಕೆಡುತ್ತದೆ, ಬಿಡಿ.

ನವನಗರ ಮಾಸ್ತರ

ಬಾಗಲಕೋಟೆಯಿಂದ. ನಮ್ಮದು ಉಲ್ಟಾ ಕಥೆ. ಡಿಗ್ರಿ ಮಕ್ಕಳು, ಕನ್ನಡ ಮಾಧ್ಯಮದಿಂದ ಬಂದವರು, ಇಂಗ್ಲಿಷಿನಲ್ಲಿ ಬರೆಯಬೇಕು. ಹೆದರಿಕೆ ಮಾತ್ರ ಅದೇ.

ನಾನೂ ಮೊದಲು ಅಕ್ಕೋರ ಹಾಗೇ ಮಾಡಿ ಪೆಟ್ಟು ತಿಂದೆ. ಈಗ ಹೀಗೆ ಮಾಡುತ್ತೇನೆ. ಕೆಂಪು ಪೆನ್ನು ಕ್ಲಾಸಿನೊಳಗೆ ಇಲ್ಲ, ಪೆನ್ಸಿಲ್ ಮಾತ್ರ. ಓದಿದವನು ಮೊದಲು ನನಗೆ ಇದು ತಿಳಿಯಿತು ಅಂತ ಒಂದು ಸಾಲು ಬರೆಯಬೇಕು, ಕನ್ನಡದಲ್ಲೇ ಬರೆದರೂ ಆಯಿತು. ಆಮೇಲೆ ಬರೆದವನಿಗೆ ಒಂದು ಪ್ರಶ್ನೆ. ನಿಜವಾಗಿ ಗೊತ್ತಾಗಬೇಕು ಅನಿಸಿದ ಪ್ರಶ್ನೆ, ವ್ಯಾಕರಣದ್ದಲ್ಲ. ತಪ್ಪು ಹುಡುಕೋದು ಕೊನೆಗೆ, ಅದೂ ಆ ವಾರದ್ದು ಯಾವುದೋ ಒಂದೇ ಬಗೆಯ ತಪ್ಪು. ಉಳಿದದ್ದು ಕಂಡರೂ ಕಾಣದ ಹಾಗೆ ಇರಬೇಕು. ಇದೇ ಕಷ್ಟ, ಮಕ್ಕಳ ಕೈ ತುರಿಸುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು. ಮೊದಲ ಎರಡು ವಾರ ನಾನೇ ಬೇಕಂತಲೇ ತಪ್ಪು ತಪ್ಪಾಗಿ ಬರೆದ ಒಂದು ಪುಟವನ್ನು ಬೋರ್ಡಿನ ಮೇಲೆ ಹಾಕಿ ಎಲ್ಲರ ಕೈಯಲ್ಲೂ ಪ್ರಶ್ನೆ ಕೇಳಿಸಿದೆ. ಮೇಷ್ಟ್ರ ಬರಹಕ್ಕೆ ತಪ್ಪು ಹೇಳೋದು ಅಂದರೆ ಹುಡುಗರಿಗೆ ಹಬ್ಬ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಹಳೆ ಊರಿನ ಕೆಳಗಿನ ಭಾಗ ಆಲಮಟ್ಟಿ ಹಿನ್ನೀರಿಗೆ ಹೋಯಿತಲ್ಲ, ಜನ ಎಲ್ಲ ನವನಗರಕ್ಕೆ ಬಂದದ್ದೇ ಹಾಗೆ. ಒಬ್ಬ ಹುಡುಗ ಅದರ ಬಗ್ಗೆ ಬರೆದ. "ಮೈ ಗ್ರ್ಯಾಂಡ್‌ಫಾದರ್ ಹೌಸ್ ಈಸ್ ಇನ್ ವಾಟರ್. ಹಿ ಈಸ್ ಗೋಯಿಂಗ್ ಅಂಡ್ ಸೀಯಿಂಗ್." ಎರಡೇ ಸಾಲು, ಮುಗೀತು. ಓದಿದ ಹುಡುಗಿ ವ್ಯಾಕರಣ ಮುಟ್ಟಲಿಲ್ಲ. "ನೀರೊಳಗಿನ ಮನೆ ನಿಮ್ಮಜ್ಜನಿಗೆ ಹೆಂಗ ಕಾಣತದ?" ಅಂತ ಪೆನ್ಸಿಲಿನಲ್ಲಿ ಕೇಳಿದಳು. ಮರುದಿನ ಅವನು ಅರ್ಧ ಪುಟ ಬರೆದು ತಂದ. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜ ದಂಡೆಗೆ ಹೋಗಿ ಕೂರುತ್ತಾನೆ, ಇಲ್ಲಿ ಕಟ್ಟೆ ಇತ್ತು, ಇಲ್ಲಿ ಬೇವಿನ ಗಿಡ ಇತ್ತು ಅಂತ ಬೆರಳು ಮಾಡಿ ತೋರಿಸುತ್ತಾನೆ ಅಂತ. ತಪ್ಪು ಎಣಿಸಿದರೆ ಮೊದಲಿಗಿಂತ ನಾಲ್ಕು ಪಟ್ಟು ಜಾಸ್ತಿ. ಬರೆದದ್ದು ಜಾಸ್ತಿ, ತಪ್ಪೂ ಜಾಸ್ತಿ. ನನಗೆ ಅದು ನಡೆಯುತ್ತದೆ.

ಅಕ್ಕೋರೆ, ನಿಮ್ಮ ಟೇಲರ್ ಅಕ್ಕನಿಗೆ "ಮಶೀನ್ ಯಾಕೆ ಅಳುತ್ತದೆ?" ಅಂತ ಒಬ್ಬರಾದರೂ ಕೇಳಿದರಾ?

ಸಂಜೆ ಕ್ಲಾಸಿನ ಅಕ್ಕೋರು

ಇಲ್ಲ ಸರ್. ಕೇಳಲಿಲ್ಲ. ನಾನೂ ಕೇಳಲಿಲ್ಲ.

ತಾಂಡಾ ಟೀಚರ್

ವಿಜಯಪುರ ಜಿಲ್ಲೆಯ ಒಂದು ತಾಂಡಾದ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಮಕ್ಕಳ ಮನೆಯಲ್ಲಿ ಲಂಬಾಣಿ. ಆ ಭಾಷೆಗೆ ಸ್ವಂತ ಲಿಪಿ ಇಲ್ಲ. ಹಾಗಾಗಿ ಮಕ್ಕಳು ಬರೆಯೋದನ್ನು ಕಲಿಯೋದೇ ಕನ್ನಡದಲ್ಲಿ, ಮನೆಮಾತಿನಲ್ಲಿ ಬರೆದು ಅಭ್ಯಾಸವೇ ಇಲ್ಲ. ಎಲ್ಲರಿಗೂ ಇದು ಎರಡನೇ ಭಾಷೆ ಅಂತ ಹೊರಗಿನವರಿಗೆ ಹೊಳೆಯೋದೂ ಇಲ್ಲ, ಕನ್ನಡ ಶಾಲೆ ಅಲ್ವಾ ಅಂತಾರೆ.

ನನ್ನ ಅನುಭವದಲ್ಲಿ ಒಂದೇ ಮಾತು. ಬರೆದದ್ದರ ಬಗ್ಗೆ ಅವರು ಲಂಬಾಣಿಯಲ್ಲೇ ಮಾತಾಡಲಿ. ಮೊದಲು ನಾನು "ಕನ್ನಡದಲ್ಲಿ ಹೇಳಿ, ಕನ್ನಡದಲ್ಲಿ ಹೇಳಿ" ಅಂತ ಬಾಯಿ ಮುಚ್ಚಿಸುತ್ತಿದ್ದೆ. ಆಗ ಜೊತೆಯವರ ವಹಿ ನೋಡಿ "ಚಲೋ ಐತಿ" ಅಂದು ಕೊಟ್ಟುಬಿಡುತ್ತಿದ್ದರು. ಅವರ ಮಾತಿನಲ್ಲಿ ಬಿಟ್ಟ ಮೇಲೆ ಗಲಾಟೆಯೋ ಗಲಾಟೆ. ಅರ್ಧ ನನಗೆ ತಿಳಿಯೋದಿಲ್ಲ, ಆದರೆ ಬೆರಳು ಎಲ್ಲಿದೆ ಅಂತ ನೋಡುತ್ತೇನೆ. ಬೆರಳು ಸರಿಯಾದ ಒತ್ತಕ್ಷರದ ಮೇಲೇ ಇರುತ್ತದೆ.

ಇನ್ನೊಂದು, ವಹಿ ಕೈಗೆ ಕೊಡಬೇಡಿ. ಬರೆದವರೇ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೇಳಲಿ. ಓದುವಾಗ ಅವರಿಗೇ ಅರ್ಧ ತಪ್ಪು ಗೊತ್ತಾಗುತ್ತದೆ.

ಇಂಡಿ ಲಿಂಬಿಹಣ್ಣು

ಎಲ್ಲಾರೂ ಒಂದು ಮಾತು ಬಿಟ್ಟೀರಿ. "ಕೇಳತೇನಿ" ತಪ್ಪು ಅಂತ ಹೇಳಿದವರು ಯಾರು? ಏ ದೀರ್ಘ ಬರಲಿಲ್ಲ, ಅದು ತಪ್ಪು, ಸರಿ. ಆದರೆ ತೇನಿ? ನಮ್ಮವ್ವ ದಿನಾ ಹಂಗೇ ಮಾತಾಡತಾಳ. ಟೇಲರ್ ಅಕ್ಕ ಬೆಳಗಾವಿ ಓಣಿಯೊಳಗೆ ಕಿವಿಗೆ ಬಿದ್ದ ಕನ್ನಡ ಬರೆದಿದ್ದಾರೆ, ಬ್ಯಾಂಕಿನವರು ಪುಸ್ತಕದ ಕನ್ನಡ ಹಿಡಿದು ಸುತ್ತು ಹಾಕಿದ್ದಾರೆ. ಬಿಹಾರದಿಂದ ಬಂದವರು ನಮ್ಮ ಜವಾರಿ ಮಾತಿಗೆ ಕೆಂಪು ಗೆರೆ ಎಳೆಯೋದು ಅಂದರೆ ನನಗೆ ನಗು ಬರತದ. ಅವರ ಮೇಲೆ ಸಿಟ್ಟಿಲ್ಲ, ಪುಸ್ತಕದ ಮೇಲೆ.

ಕುಂದಾ ಪ್ರಿಯ

ಲಿಂಬಿಹಣ್ಣು ಅಣ್ಣ, ಭಾವನೆ ಸರಿ. ಆದರೆ ಇವರಲ್ಲಿ ಕೆಲವರು ಕೆಪಿಎಸ್‌ಸಿಯ ಕನ್ನಡ ಭಾಷಾ ಪರೀಕ್ಷೆ ಬರೆಯೋಕೆ, ಇಲ್ಲ ಸಾಹಿತ್ಯ ಪರಿಷತ್ತಿನ ಕಾವ, ಜಾಣ ಅನ್ನೋ ಪರೀಕ್ಷೆ ಕಟ್ಟೋಕೆ ಕಲಿಯುತ್ತಿರಬಹುದು. ಅಲ್ಲಿ "ಕೇಳತೇನಿ" ಬರೆದರೆ ಅಂಕ ಕೊಡುವವರು ನಿಮ್ಮ ಅವ್ವ ಅಲ್ಲ.

ಇಂಡಿ ಲಿಂಬಿಹಣ್ಣು

ಹೊಲಿಗೆ ಮಶೀನ್ ಬಗ್ಗೆ ಬರೆದವರು ಯಾವ ಪರೀಕ್ಷೆ ಕಟ್ಟತಾರ ಸರ್?

ಸಂಜೆ ಕ್ಲಾಸಿನ ಅಕ್ಕೋರು

ಇಬ್ಬರೂ ಜಗಳ ಆಡಬೇಡಿ, ಇದಕ್ಕೊಂದು ದಾರಿ ಸಿಕ್ಕಿದೆ. ಪುಸ್ತಕಕ್ಕೆ ಹೊಂದದ, ಆದರೆ ನಮ್ಮ ಜನ ಮಾತಾಡುವ ರೂಪ ಕಂಡರೆ ಸುತ್ತು ಹಾಕಬೇಡಿ, ಮೇಲೆ ಸಣ್ಣದಾಗಿ 'ಮಾ' ಅಂತ ಬರೆಯಿರಿ ಅಂದೆ. ಮಾ ಅಂದರೆ ಮಾತು. ಪರೀಕ್ಷೆ ಕಟ್ಟುವವರು ಅದನ್ನು ಬದಲಿಸಿಕೊಳ್ಳುತ್ತಾರೆ, ಉಳಿದವರು ಬಿಡುತ್ತಾರೆ. ಮರಾಠಿಯ ಇಬ್ಬರು ಹುಡುಗರಿಗೆ ಇದು ಎಷ್ಟು ಇಷ್ಟ ಆಯಿತು ಅಂದರೆ, ನಾನು ಬೋರ್ಡಿನ ಮೇಲೆ ಬರೆದದ್ದಕ್ಕೂ 'ಮಾ' ಹಾಕುತ್ತಾರೆ.

ಸಂಜೆ ಕ್ಲಾಸಿನ ಅಕ್ಕೋರು

ಮೂರು ವಾರದ ಮೇಲೆ ಮತ್ತೆ ಬರೆಯುತ್ತಿದ್ದೇನೆ.

ಟೇಲರ್ ಅಕ್ಕ ಬಂದರು. ಈದ್ ಮುಗಿದ ಮೇಲೆ ಒಂದು ಸ್ಟೀಲ್ ಡಬ್ಬಿಯಲ್ಲಿ ಶೀರ್ ಖುರ್ಮಾ ಹಿಡಿದುಕೊಂಡು. ಬರೆಯೋಕೆ ಅಲ್ಲ, ಕೊಟ್ಟು ಹೋಗೋಕೆ ಅಂದರು. ನಾನು ಬರೆಯಿರಿ ಅನ್ನಲಿಲ್ಲ. ಗುಮ್ಮಟದ ಸರ್ ಹೇಳಿದ್ದು ತಲೆಯಲ್ಲಿತ್ತು. "ಕೂತ್ಕೊಳ್ಳಿ, ಇದೊಂದು ಓದಿಕೊಡಿ" ಅಂತ ಬ್ಯಾಂಕಿನ ಅಣ್ಣನ ಪುಟ ಕೊಟ್ಟೆ. ಅಣ್ಣ ತಮ್ಮ ಊಟದ ಬಗ್ಗೆ ಬರೆದಿದ್ದರು. "ನಾನು ದಿನಾಲು ಅನ್ನ ಮತ್ತು ಬೆಳೆ ತಿನ್ನುತ್ತೇನೆ."

ಅಕ್ಕ ಗಟ್ಟಿಯಾಗಿ ಓದಿದರು. ನಿಲ್ಲಿಸಿದರು. ಮತ್ತೆ ಓದಿದರು. "ಬೆಳೆ ಹೊಲದಾಗ ಇರತದ. ಗಡಿಗ್ಯಾಗ ಇರೋದು ಬೇಳೆ ಅಲ್ಲೇನ್ರೀ?" ಉರ್ದುವಿನಲ್ಲೂ ಈ ಗಿಡ್ಡ ಎ ಇಲ್ಲ, ಬರೆಯುವಾಗ ಅವರೂ ಇದೇ ತಪ್ಪು ಮಾಡುತ್ತಾರೆ. ಆದರೆ ಅಂಗಡಿಯಲ್ಲಿ ಇಷ್ಟು ವರ್ಷ ಬೇಳೆ ಕೇಳಿ ಕೇಳಿ ಕಿವಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಪಕ್ಕದಲ್ಲಿ "ಹಸಿ ತಿಂತೀರಾ?" ಅಂತ ಬರೆದರು. ಬ್ಯಾಂಕಿನ ಅಣ್ಣ ಕೂಡ ನಕ್ಕರು.

ಆಮೇಲೆ ನಾನು ಹೇಳದೆಯೇ ತಮ್ಮ ಹಳೆ ಪುಟ ತೆಗೆದರು. "ಕೋಟ್ಟಿದ್ದು" ಅಳಿಸಿ "ಕೊಟ್ಟಿದ್ದು" ಮಾಡಿದರು. "ಸುಮನೆ"ಗೆ ಒತ್ತು ಕೊಟ್ಟರು. "ಅಳತಾಳೆ" ಹತ್ತಿರ ಬಂದು ಪೆನ್ಸಿಲ್ ನಿಂತಿತು. "ಇದು ಇರಲಿ ಅಕ್ಕೋರ. ಅಕಿ ಅಳೋದು ನಾ ಕೇಳೇನಿ."

ಎಲ್ಲಾ ಸರಿಹೋಯಿತು ಅಂತ ತಿಳಿಯಬೇಡಿ. ಬ್ಯಾಂಕಿನ ಅಣ್ಣನಿಗೆ ತಮ್ಮ ವಹಿ ಕೊಡೋಕೆ ಅಕ್ಕ ಇನ್ನೂ ತಯಾರಿಲ್ಲ, ನರ್ಸ್ ತಂಗಿಗೆ ಮಾತ್ರ ಕೊಡುತ್ತಾರೆ. ನಾನೂ ಒತ್ತಾಯ ಮಾಡಿಲ್ಲ. ಒಬ್ಬರು ಮರಾಠಿ ಕಾಕಾ "ನೀವು ತಿದ್ದೋದಾದರೆ ಬರತೇನಿ, ಇಲ್ಲಾಂದ್ರ ಇಲ್ಲ" ಅಂದಿದ್ದಾರೆ, ಅವರದ್ದನ್ನು ನಾನೇ ನೋಡುತ್ತೇನೆ. ಮತ್ತೆ ನವನಗರದ ಸರ್, ಒಂದೇ ಬಗೆಯ ತಪ್ಪು ನೋಡಿ ಅಂದರೆ ನರ್ಸ್ ತಂಗಿಗೆ ಕೈ ತಡೆಯೋಕೇ ಆಗುತ್ತಿಲ್ಲ. ಪೆನ್ಸಿಲನ್ನು ಕುಂಡಿ ಕೆಳಗೆ ಇಟ್ಟುಕೊಂಡು ಓದುತ್ತಾಳೆ.

ಖಾನಾಪುರದ ಪೋರಿ

ಅಕ್ಕೋರೆ, ಶಹಾಪುರ ನನಗೆ ದೂರ ಏನಲ್ಲ. 15ನೇಯವಳಿಗೆ ಜಾಗ ಇದೆಯಾ? ಮೊದಲ ದಿನ ಬರೀ ಓದುತ್ತೇನೆ, ಬರೆಯೋದಿಲ್ಲ.

ಸಂಜೆ ಕ್ಲಾಸಿನ ಅಕ್ಕೋರು

ಬನ್ನಿ. ಮಂಗಳವಾರ ಆರೂವರೆಗೆ. ವಿಳಾಸ ಪ್ರತ್ಯೇಕ ಕಳಿಸುತ್ತೇನೆ.

ಕುಂದಾ ಪ್ರಿಯ

ನಾನು ಇನ್ನೂ ಪೂರ್ತಿ ಒಪ್ಪಿಲ್ಲ, ಅದು ಇರಲಿ. ಆ ಮಶೀನ್ ಯಾಕೆ ಅಳುತ್ತದೆ ಅಂತ ಕೊನೆಗೂ ಯಾರಾದರೂ ಕೇಳಿದಿರಾ?

ಸಂಜೆ ಕ್ಲಾಸಿನ ಅಕ್ಕೋರು

ನರ್ಸ್ ತಂಗಿ ಕೇಳಿದಳು. ತೇವ ಹಿಡಿದರೆ ಬೆಲ್ಟ್ ಜಾರಿ ಸದ್ದು ಮಾಡುತ್ತದಂತೆ. ಹೋದ ವಾರ ಹರಿದೇ ಹೋಯಿತು, ಖಡೇಬಜಾರಿನಲ್ಲಿ ಮೂರು ಅಂಗಡಿ ತಿರುಗಿ ಆ ಹಳೆ ಮಶೀನಿಗೆ ಹೊಂದುವ ಬೆಲ್ಟ್ ತಂದಿದ್ದಾರೆ. ಈಗ ಅದನ್ನೇ ಬರೆಯುತ್ತಿದ್ದಾರೆ, ಎರಡನೇ ಪುಟಕ್ಕೆ ಬಂದಿದೆ.